ಬಾರದ ಪಾರ್ಸಲ್‌ಗೆ ಬರುವ ಇಮೇಲ್

‘ನಿಮ್ಮ ಪಾರ್ಸಲ್ ಗೋದಾಮಿಗೆ ಬಂದಿದೆ. ವಿಳಾಸ ಅಪೂರ್ಣವಾದ್ದರಿಂದ ತಲುಪಿಸಲಾಗಿಲ್ಲ. ಕೂಡಲೇ ಕೆಳಗಿನ ಲಿಂಕ್ ಒತ್ತಿ ಸರಿಪಡಿಸಿ.’ ಅಂಚೆ ಇಲಾಖೆಯ ಹೆಸರಿನಲ್ಲಿ ಮೊಬೈಲ್‌ಗಳಿಗೆ ಬರುತ್ತಿದ್ದ ಇಂಥ ಒಕ್ಕಣೆ ನಕಲಿ ಎಂದು ಪಿಐಬಿ ಫ್ಯಾಕ್ಟ್ ಚೆಕ್ 2024ರಲ್ಲೇ ಎಚ್ಚರಿಸಿತ್ತು. ಇಮೇಲ್‌ನಲ್ಲಿ ಅದಕ್ಕೆ ಲಾಂಛನವೂ ಸೇರಿಕೊಳ್ಳುತ್ತದೆ. ಮತ್ತೆ ತಲುಪಿಸಲು ಕೇಳುವುದು ಇಪ್ಪತ್ತೋ ಮೂವತ್ತೋ ರೂಪಾಯಿ. ಆ ಚಿಲ್ಲರೆ ನೆಪ ಮಾತ್ರ. ವಂಚಕನ ಕಣ್ಣು ನಿಮ್ಮ ಕಾರ್ಡ್ ಸಂಖ್ಯೆ, ಸಿವಿವಿ, ಒಟಿಪಿ ಮೇಲೆ.

ಕಳುಹಿಸಿದವರ ಹೆಸರನ್ನು ನಂಬಬೇಡಿ, ಅದರ ಮೇಲೆ ಒತ್ತಿ ಪೂರ್ತಿ ಇಮೇಲ್ ವಿಳಾಸ ನೋಡಿ. ಅಂಚೆ ಇಲಾಖೆಯ ಜಾಲತಾಣದ ಹೆಸರು ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ಪಾರ್ಸಲ್ ನಿಜಕ್ಕೂ ಬರಬೇಕಿದ್ದರೆ ಆ ಜಾಲತಾಣವನ್ನು ನೀವೇ ಟೈಪ್ ಮಾಡಿ ತೆರೆದು, ರಸೀದಿಯಲ್ಲಿರುವ ಸಂಖ್ಯೆ ಹಾಕಿ ಪರೀಕ್ಷಿಸಿ.

ಮಾಹಿತಿ ಕೊಟ್ಟುಬಿಟ್ಟಿದ್ದರೆ? ಮೊದಲು ಬ್ಯಾಂಕಿಗೆ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಪಡೆಯಿರಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಅದು ವಂಚಕನ ಖಾತೆಯಲ್ಲಿ ಇನ್ನೂ ಉಳಿದಿದ್ದರೆ ತಡೆಹಿಡಿಸಬಹುದು. ಇಲ್ಲಿ ಗಡಿಯಾರವೇ ಮುಖ್ಯ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ಗ್ರಾಹಕರೇ ನಿರ್ಲಕ್ಷ್ಯದಿಂದ ಒಟಿಪಿಯಂಥ ಗುಟ್ಟು ಕೊಟ್ಟು ಹಣ ಕಳೆದುಕೊಂಡರೆ ದೂರು ಕೊಡುವವರೆಗಿನ ನಷ್ಟ ಅವರದು, ಆಮೇಲಿನದು ಬ್ಯಾಂಕಿನದು. ಮೋಸಹೋದದ್ದನ್ನು ನಿರ್ಲಕ್ಷ್ಯವೆಂದು ಎಣಿಸುವುದು ನನಗಂತೂ ಕಠಿಣವೆನಿಸುತ್ತದೆ. ಆದರೆ ಅದೇ ಸುತ್ತೋಲೆ ಗ್ರಾಹಕರ ಹೊಣೆಯನ್ನು ಸಾಬೀತುಪಡಿಸುವ ಭಾರವನ್ನು ಬ್ಯಾಂಕಿನ ಮೇಲೆ ಹೊರಿಸಿದೆ. ಕೌಂಟರಿನಲ್ಲಿ ‘ತಪ್ಪು ನಿಮ್ಮದೇ’ ಎಂದರೆ ಅದನ್ನು ಬರವಣಿಗೆಯಲ್ಲಿ ಕೇಳಿ.

ಇನ್ನು ಪೊಲೀಸ್ ದೂರು. ಕಂಪ್ಯೂಟರ್ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸಿದರೆ ಐಟಿ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಇಲ್ಲವೇ ಸೈಬರ್ ಅಪರಾಧಗಳ (ಸಿಇಎನ್) ಠಾಣೆಗೆ ಹೋಗಬಹುದು. ‘ನಮ್ಮ ಸರಹದ್ದಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಘಟನೆ ಎಲ್ಲೇ ನಡೆದಿರಲಿ ದೂರು ಸ್ವೀಕರಿಸಬೇಕೆನ್ನುತ್ತದೆ. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ದೂರು ಕಳುಹಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆಹೋಗಬಹುದು.

ಸಿಟ್ಟಿನಲ್ಲಿ ಆ ಇಮೇಲನ್ನು ಅಳಿಸಬೇಡಿ, ಸಾಕ್ಷ್ಯವೇ ಅದು. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ, ಅದಕ್ಕೆ ಶುಲ್ಕವಿಲ್ಲ.