ಸೈಕಲ್ ಸವಾರಿಗೆ ದುಬಾರಿ ಉಡುಪು ಬೇಕೇ, ಒಣಗಿದ ಉಡುಪು ಸಾಕೇ?

ಪ್ರಶ್ನೆ: ಡಾಕ್ಟರೇ, ನನಗೆ 38 ವರ್ಷ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಎರಡು ವರ್ಷದಿಂದ ವಾರಕ್ಕೆ ಮೂರು ದಿನ ಸೈಕಲ್ ತುಳಿಯುತ್ತಿದ್ದೇನೆ. ಭಾನುವಾರ ಗೆಳೆಯರ ಜೊತೆ ಹೆಬ್ಬಾಳದಿಂದ ನಂದಿಬೆಟ್ಟಕ್ಕೆ ಹೋಗಿ ಬರುತ್ತೇನೆ. ಎರಡು ಗಂಟೆ ದಾಟಿದರೆ ಸಾಕು, ಕೂರುವ ಜಾಗದಲ್ಲಿ ಉರಿ ಶುರುವಾಗುತ್ತದೆ, ಮುಂದಿನ ಭಾಗ ಮರಗಟ್ಟಿದಂತಾಗುತ್ತದೆ. ಮೂರು ತಿಂಗಳಲ್ಲಿ ಎರಡು ಸಲ ತೊಡೆಸಂದಿನ ಹತ್ತಿರ ಕುರ ಎದ್ದಿದೆ. ಗುಂಪಿನಲ್ಲಿ ಹಲವರು ರಫಾ, ಆಸೋಸ್‌ನಂಥ ವಿದೇಶಿ ಬ್ರ್ಯಾಂಡುಗಳ ಉಡುಪು ತೊಡುತ್ತಾರೆ. ‘ನಿನ್ನ 1,500 ರೂಪಾಯಿಯ ಚಡ್ಡಿಯಿಂದಲೇ ಇದೆಲ್ಲ, 18,000 ಹಾಕಿ ಒಳ್ಳೆಯದು ತಗೋ’ ಎನ್ನುತ್ತಾರೆ. ಆರೋಗ್ಯದ ದೃಷ್ಟಿಯಿಂದ ಅಷ್ಟು ದುಡ್ಡು ಕೊಡಬೇಕೇ?
ಹೆಸರು ಬೇಡ, ಬೆಂಗಳೂರು

ಉತ್ತರ: ಬೇಡ. ಮೊದಲು ಇದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಉರಿ, ಮರಗಟ್ಟುವುದು, ಕುರ ಎಂದು ನೀವು ಒಂದೇ ಉಸಿರಿನಲ್ಲಿ ಬರೆದಿದ್ದೀರಿ. ಆದರೆ ಇವು ಮೂರು ಬೇರೆ ಬೇರೆ ತೊಂದರೆಗಳು, ಮೂರಕ್ಕೂ ಮದ್ದು ಬೇರೆ. ಚಡ್ಡಿಯ ಗುಣಕ್ಕೆ ನೇರ ನಂಟಿರುವುದು ಉರಿಗೆ ಮಾತ್ರ.

ಒಂದು ಗಂಟೆಗೆ ನಾಲ್ಕೈದು ಸಾವಿರ ಸಲ ಪೆಡಲ್ ತಿರುಗುತ್ತದೆ. ಅಷ್ಟೂ ಸಲ ನಿಮ್ಮ ತೊಡೆಯ ಒಳಮೈ ಸೀಟಿನ ಅಂಚಿಗೆ ಉಜ್ಜುತ್ತದೆ. ಒಣ ಚರ್ಮ ಇದನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಬೆವರಿನಿಂದ ಒದ್ದೆಯಾದ ಚರ್ಮ ಬಟ್ಟೆಗೆ ಅಂಟಿಕೊಂಡು ಎಳೆದಾಡುತ್ತದೆ, ಬೇಗ ಸುಲಿಯುತ್ತದೆ. ಹತ್ತಿ ಬಟ್ಟೆ ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುವುದರಿಂದ ದೂರದ ಸವಾರಿಗೆ ಹೊಂದುವುದಿಲ್ಲ. ಪಾಲಿಯೆಸ್ಟರ್, ನೈಲಾನ್, ಲೈಕ್ರಾ ಬೆರೆತ ಬಟ್ಟೆ ಬೆವರನ್ನು ಹೊರಮೈಗೆ ಹರಡಿ ಬೇಗ ಆರಿಸುತ್ತದೆ. ಈ ಕೆಲಸವನ್ನು ನಿಮ್ಮ 1,500 ರೂಪಾಯಿಯ ಚಡ್ಡಿಯೂ ಮಾಡುತ್ತದೆ.

ನೀವು ಬರೆಯದ ಒಂದು ವಿಷಯವನ್ನು ನಾನೇ ಕೇಳಬೇಕಾಗಿದೆ. ಪ್ಯಾಡ್ ಇರುವ ಚಡ್ಡಿಯ ಒಳಗೆ ಒಳಉಡುಪು ಹಾಕುತ್ತೀರಾ? ನನ್ನ ಬಳಿ ಉರಿ ಎಂದು ಬರುವ ಸವಾರರಲ್ಲಿ ಹಲವರು ಹಾಕುತ್ತಾರೆ. ಯಾರೂ ಬೇಡವೆಂದು ಹೇಳಿಕೊಟ್ಟಿರುವುದಿಲ್ಲ, ಕೇಳಲು ಸಂಕೋಚ. ಒಳಉಡುಪಿನ ಹೊಲಿಗೆಯ ಏಣು ಪ್ಯಾಡಿಗೂ ಚರ್ಮಕ್ಕೂ ನಡುವೆ ಸಿಕ್ಕಿ ಗರಗಸದಂತೆ ಕೆಲಸ ಮಾಡುತ್ತದೆ. ಈ ಚಡ್ಡಿಯನ್ನು ಬರಿಮೈಗೆ ತೊಡಬೇಕೆಂದೇ ಹೊಲಿದಿರುತ್ತಾರೆ. ಹಿಂದೆ ಪ್ಯಾಡಿನ ಜಾಗದಲ್ಲಿ ಶ್ಯಾಮಿ ಎಂಬ ಕಾಡುಮೇಕೆಯಂಥ ಪ್ರಾಣಿಯ ಮೆತ್ತನೆಯ ತೊಗಲನ್ನು ಹಾಕುತ್ತಿದ್ದರು. ಇಂದಿಗೂ ಸವಾರರು ಪ್ಯಾಡನ್ನು ಶ್ಯಾಮಿ ಎನ್ನುವುದು ಅದಕ್ಕೇ. ಈಗ ಅಲ್ಲಿರುವುದು ಫೋಮ್.

ಹಾಗಾದರೆ 18,000 ರೂಪಾಯಿ ಯಾವುದಕ್ಕೆ? ಅದರಲ್ಲಿ ಏನೂ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಆಸೋಸ್ 1976ರಿಂದ ಇರುವ ಸ್ವಿಸ್ ಸಂಸ್ಥೆ, ರಫಾ 2004ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದು. ಇಂಥವರ ಚಡ್ಡಿಗಳಲ್ಲಿ ಒತ್ತಡ ಬೀಳುವ ಕಡೆ ಗಟ್ಟಿ, ಉಳಿದೆಡೆ ತೆಳು ಎಂದು ಹಲವು ಸಾಂದ್ರತೆಯ ಫೋಮ್ ಇರುತ್ತದೆ. ಹೊಲಿಗೆ ಚರ್ಮಕ್ಕೆ ತಾಕದಷ್ಟು ಚಪ್ಪಟೆ. ಬಾಗಿ ಕೂತ ಮೈಗೆ ಸರಿಯಾಗಿ ಕತ್ತರಿಸಿರುತ್ತಾರೆ. ದಿನಕ್ಕೆ ಐದಾರು ಗಂಟೆ ತುಳಿಯುವವರಿಗೆ, 200 ಕಿ.ಮೀ. ದಾಟಿ ಹೋಗುವವರಿಗೆ ಈ ವ್ಯತ್ಯಾಸ ಮೈಗೆ ಗೊತ್ತಾಗುತ್ತದೆ. ಆದರೆ ಪ್ಯಾಡೇ ಇಲ್ಲದ ಚಡ್ಡಿಯಿಂದ ಸಾಧಾರಣ ಪ್ಯಾಡಿನ ಚಡ್ಡಿಗೆ ಬಂದಾಗ ಸಿಗುವ ಸುಖ ದೊಡ್ಡದು. ಅಲ್ಲಿಂದ ಮೂರು ನಾಲ್ಕು ಸಾವಿರದ ಚಡ್ಡಿಗೆ ಬಂದರೆ ಇನ್ನೊಂದಿಷ್ಟು. ಆಮೇಲೆ ಬೆಲೆ ಏರಿದಷ್ಟು ಸುಖ ಏರುವುದಿಲ್ಲ. ಹೆಚ್ಚುವರಿ ದುಡ್ಡಿನಲ್ಲಿ ಒಂದು ಪಾಲು ಬಟ್ಟೆಗೆ ಹೋದರೆ, ಇನ್ನೊಂದು ಪಾಲು ಹೆಸರಿಗೆ, ಜಾಹೀರಾತಿಗೆ, ಆಮದು ಸುಂಕಕ್ಕೆ ಹೋಗುತ್ತದೆ.

ಇನ್ನು ಮರಗಟ್ಟುವ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಇದು. ಗಟ್ಟಿ ಬೆಂಚಿನ ಮೇಲೆ ಅಂಗೈ ಮೇಲ್ಮುಖವಾಗಿಟ್ಟು ಅದರ ಮೇಲೆ ಕೂತರೆ ಎರಡು ಮೂಳೆಗಳು ಕೈಗೆ ಒತ್ತುತ್ತವೆ. ಸೈಕಲ್ ಮೇಲೆ ನಿಮ್ಮ ಭಾರ ಅವುಗಳ ಮೇಲೆ ಬೀಳಬೇಕು. ಸೀಟು ಎತ್ತರವಾಗಿದ್ದರೆ, ಅದರ ಮೂತಿ ಮೇಲೆದ್ದಿದ್ದರೆ ಅಥವಾ ಹ್ಯಾಂಡಲ್ ತೀರ ತಗ್ಗಿನಲ್ಲಿದ್ದರೆ ಭಾರವೆಲ್ಲ ಮುಂದಕ್ಕೆ ಜಾರಿ ಎರಡು ಮೂಳೆಗಳ ನಡುವಿನ ಮೆತ್ತನೆಯ ಭಾಗದ ಮೇಲೆ ಕೂರುತ್ತದೆ. ಜನನಾಂಗಕ್ಕೆ ಹೋಗುವ ಪ್ಯುಡೆಂಡಲ್ ನರವೂ ರಕ್ತನಾಳಗಳೂ ಹಾದುಹೋಗುವುದು ಅಲ್ಲೇ. ಇದನ್ನು ಯಾವ ಬ್ರ್ಯಾಂಡಿನ ಚಡ್ಡಿಯೂ ಸರಿಪಡಿಸಲಾರದು. ದಪ್ಪನೆಯ ಜೆಲ್ ಕವರ್ ಹಾಕಿದರೆ ಮೂಳೆ ಅದರಲ್ಲಿ ಹುದುಗಿ, ನಡುವಿನ ಭಾಗಕ್ಕೆ ಒತ್ತಡ ಇನ್ನೂ ಹೆಚ್ಚಾಗುವುದುಂಟು. ಅಮೆರಿಕದಲ್ಲಿ ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಲ್ಲಿ ಇದೇ ದೂರು ಬಂದಾಗ, ಅಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನ ನಡೆಸಿ ಮೂತಿಯಿಲ್ಲದ ಸೀಟನ್ನು ಶಿಫಾರಸು ಮಾಡಿತು. ಪರಿಹಾರ ಸಿಕ್ಕಿದ್ದು ಸೀಟಿನಲ್ಲಿ.

ನೀವು ಮಾಡಬೇಕಾದ್ದು ಇಷ್ಟು. ಪೆಡಲ್ ತೀರ ಕೆಳಗೆ ಬಂದಾಗ ಮೊಣಕಾಲು ತುಸು ಬಾಗಿಯೇ ಇರುವಂತೆ ಸೀಟಿನ ಎತ್ತರ ಹೊಂದಿಸಿ. ಸೀಟು ಸಮತಟ್ಟಾಗಿರಲಿ ಅಥವಾ ಮೂತಿ ಕೂದಲೆಳೆಯಷ್ಟು ಕೆಳಗಿರಲಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ನಿಂತು ಅರ್ಧ ನಿಮಿಷ ತುಳಿಯಿರಿ. ಆದರೂ ಹೋಗದಿದ್ದರೆ ನಡುವೆ ಸೀಳಿರುವ ಸೀಟು ಹಾಕಿಸಿ. ಸೈಕಲ್ ನಿಮ್ಮ ಮೈಗೆ ಹೊಂದಿದೆಯೇ ಎಂದು ಅಳೆದು ಸರಿಪಡಿಸುವವರು ಬೆಂಗಳೂರಿನಲ್ಲಿದ್ದಾರೆ. ನಿಮ್ಮ ಬಳಿ 18,000 ಇದ್ದರೆ ಅದರಲ್ಲಿ ಮೊದಲ ಪಾಲು ಅವರಿಗೆ ಕೊಡಿ. ಸೈಕಲ್ ಇಳಿದು ಗಂಟೆಗಳು ಕಳೆದರೂ ಸ್ಪರ್ಶ ಮರಳದಿದ್ದರೆ, ಮೂತ್ರ ವಿಸರ್ಜನೆಯಲ್ಲೋ ಲೈಂಗಿಕ ಕ್ರಿಯೆಯಲ್ಲೋ ವ್ಯತ್ಯಾಸ ಕಂಡರೆ ಸವಾರಿ ನಿಲ್ಲಿಸಿ ವೈದ್ಯರನ್ನು ಕಾಣಿ.

ಕುರ ಏಕೆ ಏಳುತ್ತದೆ? ಉಜ್ಜಿ ನೊಂದ ರೋಮಕೂಪದೊಳಗೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಹೊಕ್ಕು ಕೀವು ಕಟ್ಟುವುದರಿಂದ. ನನ್ನ ಬಳಿ ಬರುವ ಭಾನುವಾರದ ಸವಾರರನ್ನು ‘ಬೆಟ್ಟ ಇಳಿದ ಮೇಲೆ ಏನು ಮಾಡಿದಿರಿ?’ ಎಂದು ಕೇಳುತ್ತೇನೆ. ಉತ್ತರ ಹೆಚ್ಚುಕಡಿಮೆ ಒಂದೇ. ಇಡ್ಲಿ ವಡೆ, ಎರಡು ಸುತ್ತು ಕಾಫಿ, ಹರಟೆ, ಆಮೇಲೆ ಮನೆಯ ದಾರಿ. ಅಂದರೆ ಬೆವರಲ್ಲಿ ನೆಂದ ಪ್ಯಾಡ್ ಚರ್ಮಕ್ಕೆ ಅಂಟಿಕೊಂಡು ಇನ್ನೂ ಎರಡು ಮೂರು ಗಂಟೆ ಕಳೆಯುತ್ತದೆ. ಆ ಬಿಸಿ, ಆ ತೇವದಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಮತ್ತೇನೂ ಬೇಕಿಲ್ಲ. ಹೋಟೆಲಿಗೆ ಹೋಗುವ ಮೊದಲು ಚಡ್ಡಿ ಬದಲಾಯಿಸಿ. ಬ್ಯಾಗಿನಲ್ಲಿ ಸಡಿಲವಾದ ಹತ್ತಿಯ ಪ್ಯಾಂಟು ಇರಲಿ. ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಿ, ಚೆನ್ನಾಗಿ ಒರೆಸಿಕೊಳ್ಳಿ. ಆ ಭಾಗದ ಕೂದಲನ್ನು ರೇಜರಿನಿಂದ ಬೋಳಿಸಬೇಡಿ, ಕತ್ತರಿಯಿಂದ ಗಿಡ್ಡ ಮಾಡಿದರೆ ಸಾಕು.

ಚಡ್ಡಿಯನ್ನು ಪ್ರತಿ ಸವಾರಿಯ ನಂತರವೂ ಒಗೆಯಲೇಬೇಕು. ಒಳಮೈ ಹೊರಗೆ ಮಾಡಿ, ಸಾದಾ ಸೋಪಿನಲ್ಲಿ ಒಗೆದು, ಪ್ಯಾಡಿಗೆ ಬಿಸಿಲು ಬೀಳುವಂತೆ ಹರವಿ. ಫ್ಯಾಬ್ರಿಕ್ ಕಂಡಿಷನರ್ ಬೇಡ, ಅದು ಎಳೆಗಳ ಮೇಲೆ ಪದರ ಕಟ್ಟಿ ಬೆವರು ಆರದಂತೆ ಮಾಡುತ್ತದೆ. ವಾರಕ್ಕೆ ಮೂರು ದಿನ ತುಳಿಯುವ ನಿಮಗೆ ಒಂದೇ ಚಡ್ಡಿ ಇದ್ದರೆ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ದುಬಾರಿ ಚಡ್ಡಿ ಕೊಂಡವರಲ್ಲಿ ಅದೊಂದನ್ನೇ ನೆಚ್ಚಿಕೊಂಡು, ಅರೆ ಒಣಗಿದ್ದನ್ನೇ ತೊಟ್ಟು ಹೋಗುವವರನ್ನು ನೋಡಿದ್ದೇನೆ. ನನ್ನ ತೀರ್ಪು ಕೇಳುವುದಾದರೆ, 18,000ದ ಒಂದಕ್ಕಿಂತ 3,000ದ ಮೂರು ಚಡ್ಡಿ ನಿಮ್ಮ ಚರ್ಮಕ್ಕೆ ಹೆಚ್ಚು ಒಳ್ಳೆಯದು. ಇನ್ನೊಂದು ಮಾತು: ಮೂರು ತಿಂಗಳಲ್ಲಿ ಎರಡು ಸಲ ಕುರ ಎದ್ದಿದೆ ಎಂದಿದ್ದೀರಿ. ಈ ವಾರವೇ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಪದೇ ಪದೇ ಏಳುವ ಕುರ ಕೆಲವರಲ್ಲಿ ಮಧುಮೇಹದ ಮೊದಲ ಸುಳಿವು.

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಸೈಕಲ್ ರೇಸಿನಲ್ಲಿ ಜಿಲ್ಲಾ ಮಟ್ಟದವರೆಗೆ ಹೋಗಿದ್ದಾನೆ. ಗಾಳಿ ಸೀಳುವ ಜೆರ್ಸಿ ಎಂದು 12,000 ರೂಪಾಯಿಯದನ್ನು ಕೇಳುತ್ತಿದ್ದಾನೆ. ಒಕ್ಕಲುತನದ ಮನೆ ನಮ್ಮದು. ಕೊಡಿಸದಿದ್ದರೆ ಹಿಂದೆ ಬೀಳುತ್ತಾನೇನೋ ಎಂಬ ಚಿಂತೆ.
ಒಬ್ಬ ತಂದೆ, ವಿಜಯಪುರ ಜಿಲ್ಲೆ

ಉತ್ತರ: ನಿಮ್ಮ ಮಗ ಹೇಳುವುದರಲ್ಲಿ ನಿಜವಿದೆ. ಸಪಾಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗ ದಾಟಿದ ಮೇಲೆ ಸವಾರನ ಶಕ್ತಿಯಲ್ಲಿ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ಆ ಗಾಳಿಗೆ ಅಡ್ಡ ನಿಲ್ಲುವುದು ಸೈಕಲ್ಲಿಗಿಂತ ಹೆಚ್ಚಾಗಿ ಸವಾರನ ಮೈ. ಪಟಪಟನೆ ಹಾರುವ ಸಡಿಲ ಅಂಗಿ ಅವನನ್ನು ಖಂಡಿತ ಹಿಂದಕ್ಕೆ ಎಳೆಯುತ್ತದೆ. ಆದರೆ ಮೈಗಂಟಿದ ಸಾಧಾರಣ ಜೆರ್ಸಿ ತೊಟ್ಟರೆ ಆ ನಷ್ಟದಲ್ಲಿ ಹೆಚ್ಚಿನದು ತಪ್ಪುತ್ತದೆ. ಉಳಿಯುವುದು ಸೆಕೆಂಡುಗಳ ಲೆಕ್ಕ. ರಾಷ್ಟ್ರಮಟ್ಟದ ಟೈಮ್ ಟ್ರಯಲ್‌ನಲ್ಲಿ ಆ ಸೆಕೆಂಡುಗಳಿಗೆ ಬೆಲೆಯಿದೆ, ಈ ಹಂತದಲ್ಲಿ ಇಲ್ಲ. ಬೆಳೆಯುವ ಹುಡುಗ, ವರ್ಷದೊಳಗೆ ಆ ಜೆರ್ಸಿ ಗಿಡ್ಡವಾಗುತ್ತದೆ.

ವಿಜಯಪುರ, ಬಾಗಲಕೋಟೆಯ ಕಡೆಯಿಂದ ರಾಷ್ಟ್ರಮಟ್ಟಕ್ಕೆ ಹೋದ ಸೈಕ್ಲಿಸ್ಟ್‌ಗಳಲ್ಲಿ ಎಷ್ಟೋ ಮಂದಿ ನಿಮ್ಮಂಥ ಮನೆಗಳಿಂದಲೇ ಬಂದವರು. ಅವರ ಕಾಲಿಗೆ ಬಲ ಬಂದದ್ದು ತರಬೇತಿಯಿಂದ, ಊಟದಿಂದ. ದಿನವೂ ಹಾಲು, ಮೊಟ್ಟೆ, ಬೇಳೆ, ಶೇಂಗಾ ಅವನ ತಟ್ಟೆಯಲ್ಲಿರಲಿ. ನಿದ್ದೆ ಎಂಟು ಗಂಟೆಗಿಂತ ಕಡಿಮೆಯಾಗದಿರಲಿ. ಗುಣಮಟ್ಟದ ಮುದ್ರೆಯಿರುವ, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ಟನ್ನು ಮಾತ್ರ ತಪ್ಪದೆ ಕೊಡಿಸಿ. ಹೆಲ್ಮೆಟ್‌ಗಳನ್ನು ಪರೀಕ್ಷಿಸಿ ಅಂಕ ಕೊಡುವ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಕಡಿಮೆ ಬೆಲೆಯ ಹೆಲ್ಮೆಟ್‌ಗಳೂ ಮೇಲಿನ ಶ್ರೇಣಿ ಪಡೆದಿವೆ. ಬಿದ್ದು ಪೆಟ್ಟಾದ ಹೆಲ್ಮೆಟ್ಟು ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಬಳಸಬಾರದು, ಒಳಗಿನ ಫೋಮ್ ಒಮ್ಮೆ ಮಾತ್ರ ಪೆಟ್ಟು ನುಂಗುತ್ತದೆ.

ಪ್ರಶ್ನೆ: ನಿವೃತ್ತ ಶಿಕ್ಷಕ, 67 ವರ್ಷ. ಬೆಳಿಗ್ಗೆ ಐದೂವರೆಗೆ ಪ್ಯಾಂಟು, ಸ್ವೆಟರ್ ತೊಟ್ಟು ಐದು ಕಿ.ಮೀ. ಸೈಕಲ್ ಹೊಡೆಯುತ್ತೇನೆ. ಮೊಮ್ಮಗ ಸೈಕ್ಲಿಂಗ್ ಡ್ರೆಸ್ ತರಿಸಿಕೊಡುತ್ತೇನೆ ಎನ್ನುತ್ತಾನೆ. ನನಗೆ ಬೇಕೇ?
ದಾವಣಗೆರೆ

ಉತ್ತರ: ಮೇಷ್ಟ್ರೇ, ಐದು ಕಿ.ಮೀ.ಗೆ ನಿಮ್ಮ ಪ್ಯಾಂಟೇ ಸಾಕು. ಚೈನಿಗೆ ಸಿಗದಂತೆ ಬಲಗಾಲಿಗೆ ಕ್ಲಿಪ್ ಹಾಕಿಕೊಳ್ಳಿ. ಮೊಮ್ಮಗನ ಪ್ರೀತಿಯನ್ನು ಬೇರೆ ಕಡೆ ತಿರುಗಿಸಿ: ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಎರಡೂ ಕಣಕಾಲಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ. ತುಳಿಯುವಾಗ ಮೇಲೆ ಕೆಳಗೆ ಆಡುವ ಆ ಪಟ್ಟಿಗಳನ್ನು ಕಂಡೊಡನೆ ಹಿಂದಿನ ಚಾಲಕನಿಗೆ ಇಲ್ಲೊಬ್ಬ ಮನುಷ್ಯ ಇದ್ದಾನೆಂದು ಗೊತ್ತಾಗುತ್ತದೆ. ಕಣ್ಣು ಕುಕ್ಕುವ ಹಳದಿ ಬಣ್ಣ ಕೆಲಸ ಮಾಡುವುದು ಹಗಲಿನಲ್ಲಿ, ಕತ್ತಲಲ್ಲಿ ಅಲ್ಲ. ಬೆಳಕು ಹರಿದ ಮೇಲೆ ಹೊರಡುವುದಾದರೆ ಹಳದಿ ಜಾಕೆಟ್ಟೂ ಒಳ್ಳೆಯದು. ಡೆನ್ಮಾರ್ಕಿನಲ್ಲಿ ಸುಮಾರು 6,800 ಸವಾರರ ಮೇಲೆ ನಡೆದ ಪ್ರಯೋಗದಲ್ಲಿ ಹಳದಿ ಜಾಕೆಟ್ ತೊಟ್ಟವರಿಗೆ ಬೇರೆ ವಾಹನ, ಸವಾರರೊಂದಿಗಿನ ಅಪಘಾತಗಳಲ್ಲಿ ಗಾಯವಾದದ್ದು ಸ್ಪಷ್ಟವಾಗಿ ಕಡಿಮೆ. ಇದೆಲ್ಲ ಸೇರಿದರೂ ಒಂದು ಬ್ರ್ಯಾಂಡೆಡ್ ಜೆರ್ಸಿಯ ಬೆಲೆ ಆಗುವುದಿಲ್ಲ.

ಪ್ರಶ್ನೆ: ನನಗೆ 29 ವರ್ಷ. ಆಫೀಸಿಗೆ ಸೈಕಲ್ಲಿನಲ್ಲೇ ಹೋಗುತ್ತೇನೆ. ಒಳ್ಳೆಯ ಕಂಪನಿಯ ಬಿಗಿಯಾದ ಸೈಕ್ಲಿಂಗ್ ಪ್ಯಾಂಟು ಕೊಂಡೆ. ಆದರೂ ತೊಡೆಸಂದಿನಲ್ಲಿ ತುರಿಕೆ, ಉಂಗುರದಂಥ ಕಲೆ. ಮೆಡಿಕಲ್ ಶಾಪಿನವರು ಕೊಟ್ಟ ಮುಲಾಮು ಹಚ್ಚಿದರೆ ನಾಲ್ಕು ದಿನ ಕಡಿಮೆ, ಬಿಟ್ಟರೆ ಮತ್ತೆ ಹೆಚ್ಚು. ಇನ್ನೂ ದುಬಾರಿಯದನ್ನು ಕೊಳ್ಳಬೇಕೇ?
ಮಂಗಳೂರು

ಉತ್ತರ: ನೀವು ಹೇಳುವ ಲಕ್ಷಣ ಹುಳುಕಡ್ಡಿಯದು, ಅಂದರೆ ಶಿಲೀಂಧ್ರದ ಸೋಂಕು. ಪ್ಯಾಂಟಿನ ಬೆಲೆ ಅದನ್ನು ತಡೆಯುವುದಿಲ್ಲ. ಕರಾವಳಿಯ ಗಾಳಿಯಲ್ಲೇ ತೇವ ತುಂಬಿರುವುದರಿಂದ ಎಂಥ ಬಟ್ಟೆಯಾದರೂ ಬೆವರು ಬೇಗ ಆರದು. ಆಫೀಸು ತಲುಪಿದ ಕೂಡಲೇ ಬಿಗಿ ಪ್ಯಾಂಟು ಬದಲಾಯಿಸಿ, ಸಡಿಲ ಹತ್ತಿ ಬಟ್ಟೆ ಹಾಕಿಕೊಳ್ಳಿ. ಟವೆಲ್ಲು, ಒಳಉಡುಪು ನಿಮ್ಮವೇ ಇರಲಿ. ಮನೆಯಲ್ಲಿ ಬೇರೆಯವರಿಗೂ ತುರಿಕೆ ಇದ್ದರೆ ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು.

ನನಗೆ ಭಯ ಆ ಮುಲಾಮಿನದು. ಹಚ್ಚಿದಾಗ ಮಾಯ, ಬಿಟ್ಟಾಗ ಮತ್ತೆ ಎಂದರೆ ಅದರಲ್ಲಿ ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್‌ನಂಥ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಹೆಚ್ಚು. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಶಿಲೀಂಧ್ರವನ್ನು ಬೆಳೆಯಲು ಬಿಡುತ್ತದೆ. ತೊಡೆಸಂದಿನ ತೆಳು ಚರ್ಮದ ಮೇಲೆ ಉಳಿದುಬಿಡುವ ಗೆರೆಗಳನ್ನು ಮೂಡಿಸುತ್ತದೆ. ಇಂಥ ಬೆರಕೆ ಮುಲಾಮುಗಳ ದುರ್ಬಳಕೆಯೂ ಸೇರಿ, ನಮ್ಮ ದೇಶದಲ್ಲಿ ಸಾಮಾನ್ಯ ಔಷಧಕ್ಕೆ ಬಗ್ಗದ ಹುಳುಕಡ್ಡಿ ಹರಡಿದೆ. ಅದಕ್ಕೆ ಕಾರಣವಾದ ಶಿಲೀಂಧ್ರಕ್ಕೆ 2020ರಲ್ಲಿ ಇಟ್ಟ ಹೆಸರೇ ಟ್ರೈಕೊಫೈಟಾನ್ ಇಂಡೊಟಿನಿಯೆ. ಈಗ ನಿಮಗೆ ಹಲವು ವಾರ ಮಾತ್ರೆ ಬೇಕಾಗಬಹುದು. ಹೊಸ ಪ್ಯಾಂಟಿಗೆಂದು ಇಟ್ಟ ದುಡ್ಡಿನಲ್ಲಿ ಚರ್ಮರೋಗ ತಜ್ಞರನ್ನು ಕಾಣಿರಿ. ಹೋಗುವಾಗ ಆ ಮುಲಾಮಿನ ಟ್ಯೂಬನ್ನು ಮರೆಯದೆ ತೆಗೆದುಕೊಂಡು ಹೋಗಿ ಅವರಿಗೆ ತೋರಿಸಿ.