ಶುಗರ್ ಅಪ್ಪಯ್ಯನಿಂದ ಬಂದೀತೇ?

ಪ್ರಶ್ನೆ: ವಯಸ್ಸು 34. ಸಿದ್ದಾಪುರ ಪೇಟೆಯಲ್ಲಿ ಅಂಗಡಿ, ದಿನವಿಡೀ ಕುಳಿತೇ ಕೆಲಸ. ಅಪ್ಪಯ್ಯನಿಗೂ ದೊಡ್ಡಪ್ಪನಿಗೂ ಶುಗರ್ ಇದೆ. ‘ಸಿಡಿಕೆಎಎಲ್1’ ಎಂಬ ಜೀನ್‌ನಿಂದ ಸಕ್ಕರೆ ಕಾಯಿಲೆ ಬರುತ್ತದಂತೆ. ಅದರ ಟೆಸ್ಟ್ ಮಾಡಿಸಬೇಕೇ ಡಾಕ್ಟ್ರೇ?

ಉತ್ತರ: ಕೇಳಿದ್ದು ಸುಳ್ಳಲ್ಲ. 2007ರಲ್ಲಿ ಹಲವು ದೇಶಗಳ ತಂಡಗಳು ಸಾವಿರಾರು ಜನರ ಜೀನ್‌ಗಳನ್ನು ಹೋಲಿಸಿದಾಗ ಇದರ ಒಂದು ರೂಪ ಟೈಪ್ 2 ಮಧುಮೇಹಿಗಳಲ್ಲಿ ಹೆಚ್ಚಾಗಿ ಕಂಡಿತು. ಆಮೇಲೆ ಭಾರತೀಯರಲ್ಲೂ ಅದೇ ನಂಟು ಸಿಕ್ಕಿತು.

ಜೀನ್ ಮಾಡುವ ಕೆಲಸ ಸ್ವಾರಸ್ಯದ್ದು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಾಗುವಾಗ ಅಮೈನೊ ಆಮ್ಲಗಳನ್ನು ಒಂದೊಂದಾಗಿ ಹೊತ್ತು ತರುವುದು ಟಿಆರ್‌ಎನ್‌ಎ. ಲೈಸೀನ್ ತರುವ ಟಿಆರ್‌ಎನ್‌ಎಯ 37ನೇ ಜಾಗಕ್ಕೆ ಈ ಜೀನ್‌ನ ಕಿಣ್ವ ಗಂಧಕವಿರುವ ಪುಟ್ಟ ರಾಸಾಯನಿಕ ತುಣುಕೊಂದನ್ನು ಅಂಟಿಸುತ್ತದೆ. ಅದಿಲ್ಲದಿದ್ದರೆ ಲೈಸೀನ್ ಬರಬೇಕಾದಲ್ಲಿ ಆಗೀಗ ಬೇರೆಯದು ಬಂದು ಕೂರುತ್ತದೆ. ಇನ್ಸುಲಿನ್ ಆಗುವ ಮುಂಚಿನ ಪ್ರೊಇನ್ಸುಲಿನ್‌ನಲ್ಲಿ 86 ಅಮೈನೊ ಆಮ್ಲಗಳು; ಲೈಸೀನ್ ಇರುವುದು ಎರಡೇ ಕಡೆ. ಅದರಲ್ಲೊಂದು ಕತ್ತರಿ ಬೀಳಬೇಕಾದ ಜಾಗದಲ್ಲೇ! ಅಲ್ಲಿ ಎಡವಟ್ಟಾದರೆ ಇನ್ಸುಲಿನ್ ಸರಿಯಾಗಿ ಹೊರಬರುವುದಿಲ್ಲ. ಜಪಾನಿನ ಕುಮಾಮೊಟೊ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿತು.

ಆದರೂ ಟೆಸ್ಟ್ ಬೇಡ. ಆ ರೂಪದ ಒಂದು ಪ್ರತಿಯಿಂದ ಅಪಾಯ ಏರುವುದು ಸುಮಾರು ಶೇ 10ರಿಂದ 20ರಷ್ಟು ಮಾತ್ರ, ಮತ್ತು ಮಧುಮೇಹಕ್ಕೆ ನಂಟಿರುವ ಇಂಥ ಜಾಗಗಳು ನೂರಾರಿವೆ. ಮನೆಯಲ್ಲಿ ಇಬ್ಬರಿಗೆ ಶುಗರ್ ಇದೆ ಎಂಬ ಮಾತೇ ಆ ವರದಿಗಿಂತ ಹೆಚ್ಚು ಹೇಳುತ್ತದೆ. ಅದಕ್ಕೆ ದುಡ್ಡೂ ಬೇಡ.

30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್ ತಪಾಸಣೆ ಉಚಿತ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಬಂದರೆ ಗಡಿಯಲ್ಲಿದ್ದಂತೆ. 126 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಳ್ಳಬೇಕು. ಗಡಿಯವರು ಹೆದರಬೇಕಿಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟ ತಿದ್ದಿಕೊಂಡು ನಡಿಗೆ ರೂಢಿಸಿಕೊಂಡವರಲ್ಲಿ ಮಧುಮೇಹಕ್ಕೆ ಜಾರುವ ಅಪಾಯ ಶೇ 28.5ರಷ್ಟು ಇಳಿಯಿತು. ಜೊತೆಗೆ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟರೂ ಹೆಚ್ಚಿನ ಲಾಭವಾಗಲಿಲ್ಲ.

ಇನ್ನು ಗಂಜಿಯ ವಿಚಾರ. ಕುಚ್ಚಲಕ್ಕಿಯಲ್ಲವೇ, ಏನೂ ಆಗದು ಎಂದು ಮತ್ತೆ ಮತ್ತೆ ಬಡಿಸಿಕೊಳ್ಳುವವರು ಕುಂದಾಪುರದ ಕಡೆ ಬಹಳ. ಬೆಳ್ತಿಗೆಗಿಂತ ಕೊಂಚ ವಾಸಿ ಇರಬಹುದು, ಅಕ್ಕಿ ಅಕ್ಕಿಯೇ. ಒಂದು ಸೌಟು ಗಂಜಿ ಕಡಿಮೆ ಮಾಡಿ ಹೆಸರುಕಾಳು, ಹರಿವೆ ಪಲ್ಯ, ತಿನ್ನುವವರಾದರೆ ಬಂಗುಡೆ ಹೆಚ್ಚಿಸಿಕೊಳ್ಳಲಿ. ಅಂಗಡಿ ಬಾಗಿಲು ಹಾಕಿದ ಮೇಲೆ ಅರ್ಧ ಗಂಟೆ ನಡಿಗೆ. ಮಳೆಗಾಲದಲ್ಲಿ ಜಗಲಿಯ ಉದ್ದಕ್ಕೆ ಓಡಾಡಿದರೂ ಆದೀತು.