ಹಬ್ಬದ ಶುಭಾಶಯ: ಮನ ನೋಯಿಸುವ ಮಾತೇ?

ಹಬ್ಬ ಹತ್ತಿರವಾದಂತೆ ನಮ್ಮ ಅನೇಕ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ನೆರೆಮನೆಯ ಹಿಂದೂ ಯಾ ಕ್ರೈಸ್ತ ಸಹೋದರರಿಗೆ 'ಈದ್ ಮುಬಾರಕ್' ಎಂದರೆ ಅವರಿಗೆ ಬೇಸರವಾದೀತೇ? ದೀಪಾವಳಿ, ಕ್ರಿಸ್ಮಸ್‌ಗಳಂದು ಅವರು ಶುಭ ಕೋರಿದರೆ ನಾವೇನು ಹೇಳಬೇಕು? ಉತ್ತರ ತೋಚದೆ ಕೆಲವರು ಮುಖ ತಿರುಗಿಸಿ ನಡೆದುಬಿಡುತ್ತಾರೆ. ಮಾತಿನಿಂದಾಗದ ನೋವು ಆ ಮೌನದಿಂದ ಆಗುತ್ತದೆ.

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ನಮ್ಮನ್ನು ಕತ್ತಲಲ್ಲಿ ಬಿಟ್ಟಿಲ್ಲ. ಯಾರಾದರೂ ವಂದಿಸಿದರೆ ಅದಕ್ಕಿಂತ ಉತ್ತಮವಾಗಿ, ಕನಿಷ್ಠ ಅಷ್ಟೇ ಚೆನ್ನಾಗಿ ಮರುವಂದಿಸಬೇಕೆಂದು ಅನ್ನಿಸಾ ಅಧ್ಯಾಯದ 86ನೇ ವಚನ ಆದೇಶಿಸುತ್ತದೆ. ಧರ್ಮದ ಹೆಸರಲ್ಲಿ ನಮ್ಮೊಡನೆ ಹೋರಾಡದ, ನಮ್ಮನ್ನು ಮನೆಗಳಿಂದ ಹೊರಗಟ್ಟದ ಜನರೊಂದಿಗೆ ಒಳಿತು ಮತ್ತು ನ್ಯಾಯದಿಂದ ವರ್ತಿಸುವುದನ್ನು ಅಲ್ಲಾಹನು ತಡೆಯುವುದಿಲ್ಲವೆಂದು ಅಲ್ ಮುಮ್ತಹಿನಃ ಅಧ್ಯಾಯದ 8ನೇ ವಚನ ತಿಳಿಸುತ್ತದೆ.

ಹ. ಅಸ್ಮಾ(ರ)ರ ತಾಯಿ ಬಹುದೇವಾರಾಧಕಿಯಾಗಿದ್ದರು. ಕುರೈಶರೊಂದಿಗೆ ಒಪ್ಪಂದವಿದ್ದ ಕಾಲದಲ್ಲಿ ಅವರು ಮಗಳನ್ನು ಕಾಣಲು ಮದೀನಕ್ಕೆ ಬಂದಾಗ, ತಾಯಿಯೊಂದಿಗೆ ಸಂಬಂಧ ಉಳಿಸಿಕೊಳ್ಳುವಂತೆ ಪ್ರವಾದಿವರ್ಯರು(ಸ) ಅಸ್ಮಾರಿಗೆ ಸೂಚಿಸಿದರು. ಹ. ಅಬ್ದುಲ್ಲಾ ಬಿನ್ ಅಮ್ರ್(ರ)ರ ಮನೆಯಲ್ಲಿ ಆಡು ಕೊಯ್ದಾಗ ಅವರು ಮೊದಲು ವಿಚಾರಿಸಿದ್ದು, ನೆರೆಯ ಯಹೂದಿಗೆ ಪಾಲು ಹೋಯಿತೇ ಎಂದು.

ಅನ್ಯಧರ್ಮೀಯರ ಹಬ್ಬಕ್ಕೆ ಶುಭ ಕೋರುವ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಇಮಾಮ್ ಇಬ್ನುಲ್ ಖಯ್ಯಿಮ್ (ಮರಣ ಕ್ರಿ.ಶ. 1350) ಅವರ ಧಾರ್ಮಿಕ ಆಚರಣೆಗಳಿಗಾಗಿ ಅಭಿನಂದಿಸುವುದನ್ನು ನಿಷಿದ್ಧವೆಂದರು. ಆ ಆಚರಣೆಗೆ ಒಪ್ಪಿಗೆ ಸೂಚಿಸಿದಂತಾಗುವುದೆಂಬ ಭಯ ಅದರ ಹಿಂದಿದೆ. ನಮ್ಮ ಕಾಲದ ಡಾ. ಯೂಸುಫ್ ಅಲ್ ಕರ್ಝಾವಿ (1926-2022), ಶಾಂತಿಯಿಂದ ಬಾಳುವ ನೆರೆಯವರಿಗೆ ಸೌಜನ್ಯದ ಶುಭಾಶಯ ಹೇಳಬಹುದು, ಆರಾಧನೆಯಲ್ಲಿ ಪಾಲ್ಗೊಳ್ಳಬಾರದು ಎಂದರು. ಎರಡೂ ಕಡೆಯವರು ಕಾಯಲು ಬಯಸಿದ್ದು ತೌಹೀದನ್ನೇ. ಆದ್ದರಿಂದ ಶುಭ ಕೋರಿದವನ ಈಮಾನನ್ನು ಶಂಕಿಸುವುದೂ, ಕೋರದವನನ್ನು ಒರಟನೆನ್ನುವುದೂ ಸರಿಯಲ್ಲ.

ಆದರೆ ಶುಭಾಶಯ ಹೇಳಲು ಮನಸ್ಸೊಪ್ಪದವನಿಗೂ ಸೌಜನ್ಯದ ದಾರಿ ಮುಚ್ಚಿಲ್ಲ. ನಗುಮುಖದಿಂದ 'ನಿಮಗೂ ಮನೆಯವರಿಗೂ ಒಳ್ಳೆಯದಾಗಲಿ' ಎನ್ನಲು ಯಾವ ಅಡ್ಡಿಯಿದೆ? ಹಾಗೆಯೇ ನಮ್ಮ ಈದ್ ಶುಭಾಶಯವೂ ಒಂದು ಹಾರೈಕೆ; ಕೇಳಿದವರು ನಮ್ಮ ವಿಶ್ವಾಸವನ್ನು ಒಪ್ಪಬೇಕೆಂಬ ಒತ್ತಾಯ ಅದರಲ್ಲಿಲ್ಲ. ಅವರು ಅದೇ ಪದಗಳಲ್ಲಿ ಉತ್ತರಿಸದಿದ್ದರೆ ನಾವು ನೊಂದುಕೊಳ್ಳಬಾರದು. ಅವರ ಮನಸ್ಸಿಗೂ ಅದರದೇ ನಿಷ್ಠೆಯಿದೆ.

ಮಕ್ಕಳಿಗೆ ಇದನ್ನು ಮನೆಯಲ್ಲೇ ಕಲಿಸೋಣ. ಶಾಲೆಯಲ್ಲಿ ಗೆಳೆಯನು ಹಬ್ಬದ ಸಿಹಿ ಮಾತಾಡಿದಾಗ ನಮ್ಮ ಮಗು ತಲೆ ತಗ್ಗಿಸಿ ನಿಲ್ಲಬಾರದು. ವರ್ಷಕ್ಕೊಮ್ಮೆ ಶುಭ ಕೋರಿ, ನೆರೆಯವರು ಕಾಯಿಲೆ ಬಿದ್ದಾಗ ಬಾಗಿಲು ತಟ್ಟದಿದ್ದರೆ ಆ ಶುಭಾಶಯಕ್ಕೇನು ಬೆಲೆ? ಹಬ್ಬದ ಮಾತಿಗೆ ಉಳಿದ ದಿನಗಳ ನಡತೆಯೇ ಸಾಕ್ಷಿ.

ವಿಶ್ವಾಸದಲ್ಲಿ ದೃಢತೆಯನ್ನೂ ವರ್ತನೆಯಲ್ಲಿ ಮಾರ್ದವತೆಯನ್ನೂ ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.